ಎಳ್ಳು ಬೀರಿದ ಕೈ

ಸಂಕ್ರಾಂತಿಯ ಬೆಳಿಗ್ಗೆ ಪಂಕಜಳ ಅಡುಗೆಮನೆಯಲ್ಲಿ ಎರಡು ಬಟ್ಟಲು ಎಳ್ಳು ಇದ್ದವು. ಬಿಳಿ ಎಳ್ಳು ಮಕ್ಕಳು ಸಂಜೆ ಬೀರುವುದಕ್ಕೆ. ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲದ ಚೂರು ಸೇರಿಸಿ ಆಗಲೇ ಹದವಾಗಿ ಕಲೆಸಿಟ್ಟಿದ್ದಳು. ಕರಿ ಎಳ್ಳು ಗಂಡ ಹಿರಿಯರಿಗೆ ಬಿಡುವ ತರ್ಪಣಕ್ಕೆ. ಸಾವಿರದ ಒಂಬೈನೂರ ಎಪ್ಪತ್ತೆರಡರ ಮಾತು. ಎಡಿಸನ್ ಊರಿನಲ್ಲಿ ಆಗ ಕನ್ನಡದವರ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬೆಲ್ಲ ಬೇಕಾದರೆ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂವರೆಗೆ ಡ್ರೈವ್ ಮಾಡಬೇಕು. ಕಬ್ಬಿನ ಆಸೆಯನ್ನು ಬಿಟ್ಟೇಬಿಡಬೇಕು. ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳನ್ನು ಮಾತ್ರ ಅತ್ತೆ ಭಾನುಮತಮ್ಮನವರು ಮೈಸೂರಿನಿಂದ ಸೀರೆಗಳ ಮಧ್ಯೆ ಸುತ್ತಿ ತಂದಿದ್ದರು.

ಗಂಡ ಅಶ್ವತ್ಥನಾರಾಯಣ ಪಂಚೆಯುಟ್ಟು, ಬರಿಮೈಯಲ್ಲಿ ನಡುಗುತ್ತ ದಕ್ಷಿಣಕ್ಕೆ ಮುಖಮಾಡಿ ಕೂತಿದ್ದ. ಹೊರಗೆ ಮಂಡಿಯುದ್ದ ಹಿಮ ಬಿದ್ದಿತ್ತು. ಮೇಲೊಂದು ಸ್ವೆಟರ್ ಹಾಕಿಕೊಳ್ಳಲು ಅಮ್ಮ ಒಪ್ಪಿರಲಿಲ್ಲ. ಬಾಗಿಲ ಆಚೆ ನಿಂತು ಅವರು ಅಜ್ಜ, ಮುತ್ತಜ್ಜಂದಿರ ಹೆಸರು ಹೇಳಿಕೊಡುತ್ತಿದ್ದರು. ಮಗ ಎಳ್ಳುನೀರು ಬಿಡುತ್ತಿದ್ದ. ಒಂಬತ್ತು ವರ್ಷದ ಶೈಲಜಾ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಾಯಿಬಿಟ್ಟು ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಭಾನುಮತಮ್ಮನವರು ಮೊಮ್ಮಗಳ ತಲೆ ಸವರಿ, "ನೀನೊಂದು ಗಂಡಾಗಿ ಹುಟ್ಟಬಾರದಿತ್ತಾ" ಎಂದರು. ಪ್ರೀತಿಯಿಂದಲೇ ಅಂದದ್ದು. ಈ ಮಾತನ್ನು ನಮ್ಮ ಮನೆಗಳಲ್ಲಿ ಯಾವಾಗಲೂ ಪ್ರೀತಿಯಿಂದಲೇ ಅನ್ನುತ್ತಾರೆ, ಅದೇ ಅದರ ಕೆಡುಕು.

ಪಂಕಜಳಿಗೆ ಮೂರೂ ಹೆಣ್ಣು. ಶೈಲಜಾ, ಆರು ವರ್ಷದ ರಜನಿ, ಎರಡು ತುಂಬಿದ ಕೂಸು. ಕೂಸಿನ ಹೆರಿಗೆಯಲ್ಲೇ ಅವಳಿಗೆ ರಕ್ತ ಹೋಗಿ ಬದುಕಿದ್ದು ಹೆಚ್ಚು ಎನ್ನುವಂತಾಗಿತ್ತು. ಹೋದ ಜೂನಿನಲ್ಲಿ ಬಂದಿಳಿದ ಅತ್ತೆ, ಪೆಟ್ಟಿಗೆ ಬಿಚ್ಚುವ ಮೊದಲೇ ತಮ್ಮ ಹರಕೆಯ ವಿಷಯ ಹೇಳಿದ್ದರು: ಮೊಮ್ಮಗನ ಮುಖ ನೋಡುವವರೆಗೂ ಮೊಸರು ಮುಟ್ಟುವುದಿಲ್ಲವೆಂದು ನಂಜನಗೂಡಿನಲ್ಲಿ ಹೇಳಿಕೊಂಡಿದ್ದರಂತೆ. ಅಂದಿನಿಂದ ಊಟದ ಕೊನೆಗೆ ಅವರು ಬರಿಯ ಅನ್ನಕ್ಕೆ ಉಪ್ಪುನೀರು ಕಲಸಿಕೊಂಡು ಉಣ್ಣುವುದನ್ನು ಇಡೀ ಮನೆ ನೋಡಬೇಕಾಯಿತು. ಬೈದಿದ್ದರೆ ಪಂಕಜ ಎದುರಾಡುತ್ತಿದ್ದಳೇನೋ. ಆ ಉಪ್ಪುನೀರಿಗೆ ಎದುರಾಡುವುದು ಹೇಗೆ? ಅವಳು ಬಸುರಿಯಾದಳು. ನವೆಂಬರಿನಲ್ಲಿ, ಮೂರು ತಿಂಗಳಿಗೆ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಕುಸಿದುಬಿದ್ದಳು.

ಬಸಿರು ಹೋಯಿತು. ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿದವಳು ಡಾಕ್ಟರ್ ಸಲ್ಮಾ, ಬೆಂಗಳೂರಿನವಳು. ಮನೆಗೆ ಕಳಿಸುವ ದಿನ ಮಂಚದ ತುದಿಯಲ್ಲಿ ಕೂತು ಹೇಳಿದಳು: "ಪಂಕಜಾ, ನಾನು ಸುತ್ತಿಬಳಸಿ ಮಾತಾಡಲ್ಲ. ಇನ್ನೊಂದು ಸಲ ಬಸುರಿಯಾದ್ರೆ ನಿಮ್ಮನ್ನ ಉಳಿಸ್ತೀನಿ ಅಂತ ಮಾತು ಕೊಡಲಾರೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡುಬಿಡಿ." ಅದಕ್ಕೊಂದು ಫಾರ್ಮ್ ಕೊಟ್ಟಳು. ಕೆಳಗೆ ಎರಡು ಗೆರೆ: ಒಂದು ಹೆಂಡತಿಯ ಸಹಿಗೆ, ಇನ್ನೊಂದು ಗಂಡನ ಸಹಿಗೆ. ಚಂದ್ರನ ಮೇಲೆ ಓಡಾಡಿ ಬಂದ ದೇಶದಲ್ಲೂ ಆ ಆಸ್ಪತ್ರೆಗೆ ಹೆಂಗಸಿನ ಹೊಟ್ಟೆಯ ಮೇಲೆ ಗಂಡಸಿನ ಸಹಿ ಬೇಕಾಗಿತ್ತು. ಜನವರಿ ಹದಿನೇಳರ ಸೋಮವಾರಕ್ಕೆ ದಿನ ಗೊತ್ತಾಯಿತು.

ಅಶ್ವತ್ಥನಾರಾಯಣ ಕೆಟ್ಟವನಲ್ಲ. ಅವನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ಕೂದಲೆಳೆಯಷ್ಟು ಬಿರುಕು ಕಂಡರೂ ಯಾರ ಮುಲಾಜಿಗೂ ಬೀಳದೆ ವಾಪಸು ಕಳಿಸುವ ಮನುಷ್ಯ. ಹೆಂಡತಿಯ ದೇಹದ ಬಗ್ಗೆ ಡಾಕ್ಟರು ಬರೆದುಕೊಟ್ಟದ್ದನ್ನು ಮಾತ್ರ "ನೋಡೋಣ" ಎಂದು ಮಡಿಸಿ ಡ್ರಾಯರಿನಲ್ಲಿಟ್ಟ. ಅಮ್ಮ ಮೊಸರು ಬಿಟ್ಟಿದ್ದಾಳೆ, ಅವಳಿಗೆ ಹೇಗೆ ಹೇಳಲಿ ಎಂಬುದೊಂದೇ ಅವನ ಮಾತು. ಅತ್ತೆಯದು ಬೇರೆ ವಾದ. ಹೋದದ್ದು ಗಂಡೇ ಇರಬೇಕು, ಮುಂದಿನದೂ ಗಂಡೇ, ಡಾಕ್ಟರುಗಳು ಹೆದರಿಸುವುದೇ ಹಾಗೆ ಎನ್ನುತ್ತಿದ್ದರು. ಮಗನ ಕಾಲಾನಂತರ ಈ ಮನೆತನದ ಹಿರಿಯರಿಗೆ ನೀರು ಬಿಡುವವರು ಯಾರು? ಮೈಸೂರಿನಲ್ಲಿ ದಾಯಾದಿಯ ಮಗ ಬದರಿ ಇದ್ದ. ಆದರೆ ಆ ಬದರಿಗೆ ಸಂಧ್ಯಾವಂದನೆಯೂ ನೆಟ್ಟಗೆ ಬರದು ಎಂದು ಅವರಿಗೆ ಕೋಪ.

ಸಂಕ್ರಾಂತಿಯ ಆ ಶುಕ್ರವಾರ ಸಂಜೆ ಶೈಲಜಾ ಮತ್ತು ರಜನಿ ಜರಿಲಂಗದ ಮೇಲೆ ಹಿಮದ ಕೋಟು ತೊಟ್ಟು ಎಳ್ಳು ಬೀರಲು ಹೊರಟರು. ಮೊದಲ ಮನೆ ಪಕ್ಕದ್ದೇ, ಮಿಸೆಸ್ ಸೊರೆನ್ಸೆನ್ನಳದು. ಅರವತ್ತೈದು ದಾಟಿದ ಡೆನ್ಮಾರ್ಕಿನ ಹೆಂಗಸು. ಗಂಡನ ಜೊತೆ ಹತ್ತಿರದ ಪರ್ಥ್ ಅಂಬಾಯ್ ಊರಿಗೆ ಬಂದು, ಅವನು ತೀರಿಕೊಂಡ ಮೇಲೆ ಇಲ್ಲಿ ಒಬ್ಬಳೇ ಇದ್ದಳು. ಪಂಕಜ ಲೈಬ್ರರಿಯ ಕೆಲಸದಿಂದ ಬರುವವರೆಗೆ ಮಕ್ಕಳು ಅವಳ ಮನೆಯಲ್ಲೇ ಇರುತ್ತಿದ್ದರು. ಅವಳ ಗೋಡೆಯ ತುಂಬ ಡೆನ್ಮಾರ್ಕಿನ ರಾಜರಾಣಿಯರ ಚಿತ್ರಗಳು. ಕಪ್ಪು ಬಟ್ಟೆಯ ಹುಡುಗಿ ಹನ್ನೊಂದಕ್ಕೆ ಮದುವೆಯಾಗಿ ಹದಿಮೂರಕ್ಕೆ ವಿಧವೆಯಾದ ಕ್ರಿಸ್ಟಿನಾ. ಮುತ್ತು ತೊಟ್ಟವಳು ಬಸುರಿಯಾಗಿದ್ದಾಗಲೇ ಇಪ್ಪತ್ತೇಳಕ್ಕೆ ತೀರಿಕೊಂಡ ರಾಣಿ ಲೂಯಿಸ. ಕಲ್ಲಿನಲ್ಲಿ ಕಡೆದು ಮಲಗಿಸಿದವಳು ಆರುನೂರು ವರ್ಷದ ಹಿಂದಿನ ಮಾರ್ಗರೇಟ. ಭಾನುಮತಮ್ಮನವರಿಗೆ ಇಂಗ್ಲಿಷ್ ಬಾರದಿದ್ದರೂ ಈ ಗೋಡೆಯ ಮೇಲೆ ಗೌರವವಿತ್ತು. ಮೈಸೂರಿನವರಲ್ಲವೆ, ಅರಮನೆ ಎಂದರೆ ಕೈ ತಾನಾಗಿ ಮುಗಿಯುತ್ತಿತ್ತು. ಆದ್ದರಿಂದ ಆ ಸಂಜೆ ಮಕ್ಕಳ ಹಿಂದೆ ಪಂಕಜಳ ಜೊತೆ ಅವರೂ ಹೋದರು.

ಬಾಗಿಲು ತೆರೆದ ಮಿಸೆಸ್ ಸೊರೆನ್ಸೆನ್ನಳ ಕಣ್ಣು ಊದಿತ್ತು. ಅವಳ ದೇಶದ ರಾಜ ತೀರಿಕೊಂಡಿದ್ದ. ಮಧ್ಯಾಹ್ನ ರೇಡಿಯೋದಲ್ಲಿ ಬಂದಿತ್ತಂತೆ. ಪಂಕಜ ಕನ್ನಡದಲ್ಲಿ ಹೇಳಿದ ಕೂಡಲೇ ಭಾನುಮತಮ್ಮನವರು ಮಡಿ ಮೈಲಿಗೆ ಮರೆತು ಆ ಪರದೇಶದ ಹೆಂಗಸಿನ ಪಕ್ಕ ಕೂತು ಕೈ ಹಿಡಿದುಕೊಂಡರು. ನಾಲ್ವಡಿಯವರು ಹೋದ ದಿನ ತಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ ಎಂದು ನೆನೆದು ತಾವೂ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, ಮಗನಿಗೆ ಪಟ್ಟ ಯಾವತ್ತು ಎಂದು ಪಂಕಜಳ ಕೈಲಿ ಕೇಳಿಸಿದರು.

ಮಗನಿಲ್ಲ ಎಂದಳು ಮಿಸೆಸ್ ಸೊರೆನ್ಸೆನ್. ಮೂವರು ಹೆಣ್ಣುಮಕ್ಕಳು. ನಾಳೆ ಹಿರಿಯ ಮಗಳೇ ರಾಣಿ.

ಅತ್ತೆಗೆ ನಂಬಿಕೆಯಾಗಲಿಲ್ಲ. ರಾಜನಿಗೆ ಅಣ್ಣತಮ್ಮಂದಿರಿಲ್ಲವೆ ಎಂದು ಕೇಳಿಸಿದರು. ತಮ್ಮನೊಬ್ಬನಿದ್ದ. ಹಳೆಯ ಕಾನೂನಿನಂತೆ ಅವನಿಗೇ ಪಟ್ಟವಾಗಬೇಕಿತ್ತು. ಆದರೆ ರಾಣಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದಾದಾಗ ಜನ ವೋಟು ಹಾಕಿ ಕಾನೂನನ್ನೇ ತಿದ್ದಿದರು. ಅದಾಗಿ ಹತ್ತೊಂಬತ್ತು ವರ್ಷವಾಯಿತು. ಆಗ ಹಿರಿಯವಳಿಗೆ ಹದಿಮೂರು. ಮಿಸೆಸ್ ಸೊರೆನ್ಸೆನ್ ಪ್ರಾಮಾಣಿಕಳು. ಆ ಹಿರಿಯವಳಿಗೊಬ್ಬ ತಮ್ಮ ಹುಟ್ಟಿದ್ದರೆ ಹೊಸ ಕಾನೂನಿನಲ್ಲೂ ಅವನೇ ಮೊದಲು ಎಂಬುದನ್ನೂ ಮುಚ್ಚಿಡದೆ ಹೇಳಿದಳು.

ಭಾನುಮತಮ್ಮನವರು ಅದನ್ನು ಗಪ್ಪನೆ ಹಿಡಿದುಕೊಂಡರು. "ನೋಡಿದೆಯಾ? ಅಲ್ಲೂ ಗಂಡೇ ಮುಂದೆ. ದೊರೆಗಳ ಮನೇಲೇ ಹಾಗಂದ ಮೇಲೆ ನಮ್ಮದೇನು?"

ಏಳು ತಿಂಗಳಿಂದ ಪಂಕಜ ಅತ್ತೆಯ ಒಂದು ಮಾತಿಗೂ ಎದುರು ಹೇಳಿರಲಿಲ್ಲ. ಈಗ ಗಟ್ಟಿ ದನಿಯಲ್ಲೇ ಹೇಳಿದಳು. "ಇರಬಹುದು ಅತ್ತೆ. ಆದರೆ ಅವರು ಕಾನೂನು ಬದಲಾಯಿಸಿದರು. ರಾಣಿಗೆ ಇನ್ನೊಂದು ಹೆರು ಅನ್ನಲಿಲ್ಲ."

ಮನೆಗೆ ಬಂದ ಮೇಲೆ ಅತ್ತೆ ಮಾತು ನಿಲ್ಲಿಸಿದರು. ಉಪ್ಪುನೀರಿನ ಅನ್ನ ಇನ್ನೂ ನಿಧಾನವಾಗಿ ಒಳಗಿಳಿಯಿತು. ಅಶ್ವತ್ಥನಾರಾಯಣ ಇಬ್ಬರ ಮುಖ ನೋಡಿ ಪೇಪರಿನ ಹಿಂದೆ ಅಡಗಿಕೊಂಡ. ಪಂಕಜ ಪಾತ್ರೆ ತೊಳೆಯುತ್ತ ನಿಶ್ಚಯ ಮಾಡಿಕೊಂಡಳು: ನಾಳೆ ಮುಗಿಯುವ ಮೊದಲು ಫಾರ್ಮಿನ ಆ ಎರಡನೆಯ ಗೆರೆ ತುಂಬಬೇಕು. ತುಂಬದಿದ್ದರೆ ಗಂಡನ ಹಾಸಿಗೆಯನ್ನು ಹಜಾರದ ಸೋಫಾದ ಮೇಲೆ ಹಾಸಬೇಕು. ಎರಡರಲ್ಲಿ ಒಂದು, ಮೂರನೆಯದಿಲ್ಲ.

ಶನಿವಾರ ಸಂಜೆಯ ಟೀವಿ ವಾರ್ತೆಯಲ್ಲಿ ಡೆನ್ಮಾರ್ಕಿನ ಸುದ್ದಿ ಒಂದೇ ಒಂದು ನಿಮಿಷ ಬಂತು. ಅರಮನೆಯ ಉಪ್ಪರಿಗೆ, ಕೆಳಗೆ ಕಣ್ಣು ಹಾಯುವಷ್ಟು ದೂರ ಜನ, ಕಪ್ಪುಡುಪಿನ ಮೂವತ್ತೊಂದು ವರ್ಷದ ಹೆಂಗಸು. ತಂದೆ ಸತ್ತ ದುಃಖ ಅವಳ ಮುಖದ ಮೇಲಿತ್ತು, ಆದರೂ ನೆಟ್ಟಗೆ ನಿಂತಿದ್ದಳು. ಭಾನುಮತಮ್ಮನವರು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು. ವಾರ್ತೆ ಮುಂದಕ್ಕೆ ಹೋದಾಗ ಪಂಕಜ ಟೀವಿ ಆರಿಸಿ, ಡ್ರಾಯರಿನಿಂದ ಫಾರ್ಮ್ ತೆಗೆದು ಊಟದ ಮೇಜಿನ ಮೇಲೆ ಗಂಡನ ಮುಂದಿಟ್ಟಳು. ಮೇಲೆ ಪೆನ್ನು ಇಟ್ಟಳು. ಮಕ್ಕಳನ್ನು ಒಳಗೆ ಕಳಿಸಲಿಲ್ಲ.

"ಸಹಿ ಮಾಡಿ."

ಅವನು ತಾಯಿಯ ಕಡೆ ನೋಡಿದ. ಮಕ್ಕಳೆದುರಿಗೆ ಇದೆಲ್ಲ ಯಾಕೆ, ಆಮೇಲೆ ಮಾತಾಡೋಣ ಎಂದು ಗೊಣಗಿದ. ಭಾನುಮತಮ್ಮನವರು ಸೆರಗು ಬಿಗಿದುಕೊಂಡು, ವಂಶಕ್ಕೆ ಬೀಗ ಹಾಕುವ ಕಾಗದಕ್ಕೆ ತಾವಿರುವ ಮನೆಯಲ್ಲಿ ಸಹಿ ಬೀಳಕೂಡದು ಎಂದರು.

ಪಂಕಜ ಅತ್ತೆಯ ಎದುರು ಹೋಗಿ ನೆಲದ ಮೇಲೆ ಕೂತಳು. "ಅತ್ತೆ, ಮೈಸೂರಿನ ಮನೆಯ ನಡುಮನೇಲಿ ನಿಮ್ಮ ಅಕ್ಕನ ಫೋಟೋ ಇದೆ. ಮದುವೆಯಾಗಿ ಬಂದ ದಿನ ನೀವೇ ನನ್ನ ಕೈಯಲ್ಲಿ ಅದಕ್ಕೆ ಹೂವು ಹಾಕಿಸಿದಿರಿ. ಐದು ಹೆಣ್ಣು ಹೆತ್ತು, ಗಂಡು ಬೇಕು ಅಂತ ಆರನೆಯದನ್ನ ಹೆರೋವಾಗ ತೀರಿಹೋದರು ಅಂತ ನೀವೇ ಹೇಳಿದಿರಿ. ಅವರು ತೀರಿಕೊಂಡ ವರ್ಷವೇ ನಿಮ್ಮನ್ನ ತಂದು ಅದೇ ಮನೆಗೆ, ಭಾವನಿಗೇ ಕೊಟ್ಟರು. ಹದಿನಾಲ್ಕು ವರ್ಷದ ನಿಮ್ಮ ಕೈಗೆ ಅವರ ಐದು ಮಕ್ಕಳು. ನನ್ನ ಫೋಟೋಗೆ ಈ ಮೂರು ಮಕ್ಕಳು ಹೂವು ಹಾಕೋದು ಬೇಡ. ನಾನು ಇನ್ನೊಂದು ಹೆರಲ್ಲ. ಸಹಿ ಬಿದ್ದರೂ ಹೆರಲ್ಲ, ಬೀಳದೇ ಹೋದರೂ ಹೆರಲ್ಲ."

ಅಕ್ಕನ ವಿಷಯವನ್ನು ಆ ಮನೆಯಲ್ಲಿ ಯಾರೂ ಹೀಗೆ ಎತ್ತಿ ಆಡಿರಲಿಲ್ಲ. ಭಾನುಮತಮ್ಮನವರು ಹೇಳಿದ್ದು ಒಂದೇ ಮಾತು, ಅದೂ ಸಿಟ್ಟಿನಲ್ಲಲ್ಲ: "ಮತ್ತೆ ನೀರು ಯಾರು ಬಿಡೋರು?"

ಶೈಲಜಾ ಅಜ್ಜಿಯ ಮಂಡಿಯ ಹತ್ತಿರ ಬಂದು ನಿಂತಳು. "ಐ ಕ್ಯಾನ್ ಡೂ ಇಟ್, ಅಜ್ಜಿ." ಅಜ್ಜಿಗೆ ತಿಳಿಯದೆಂದು ನೆನಪಾಗಿ, ತನ್ನ ಮುರುಕು ಕನ್ನಡದಲ್ಲಿ ಮತ್ತೆ ಹೇಳಿದಳು. "ನಿನ್ನೆ ನಾನು ಆರು ಮನೆಗೆ ಎಳ್ಳು ಕೊಟ್ಟೆ. ನೀನೇ ಗುಡ್ ಅಂದೆ. ಅಪ್ಪನ ಎಳ್ಳೂ ನಾನು ಹಾಕ್ತೀನಿ. ನೀನು ಹೆಸರೆಲ್ಲ ಹೇಳಿಕೊಡು."

ಅಜ್ಜಿ ಎದ್ದು ತಮ್ಮ ಕೋಣೆಗೆ ಹೋದರು. ಆದರೆ ಆ ಕನ್ನಡ ಅಶ್ವತ್ಥನಾರಾಯಣನಿಗೆ ನಾಟಿತು. ಮಗಳ ಮುಖ ನೋಡಿದ, ನೆಲದ ಮೇಲೆ ಕೂತಿದ್ದ ಹೆಂಡತಿಯನ್ನು ನೋಡಿದ. ನವೆಂಬರಿನಲ್ಲಿ ಅವಳನ್ನು ಎತ್ತಿ ಕಾರಿಗೆ ಹಾಕಿದಾಗ ತನ್ನ ಅಂಗಿಯೆಲ್ಲ ಕೆಂಪಾಗಿದ್ದದ್ದು, ಆ ಅಂಗಿಯನ್ನು ತಾನು ಯಾರಿಗೂ ಕಾಣದಂತೆ ಕಸಕ್ಕೆ ಹಾಕಿದ್ದು ಅವನಿಗೆ ನೆನಪಾಯಿತು. ಪೆನ್ನು ತೆಗೆದುಕೊಂಡು, ಕಾರ್ಖಾನೆಯಲ್ಲಿ ಮಾಡುವ ಹಾಗೆ, ಪೂರ್ತಿ ಹೆಸರು ಬರೆದು ಸಹಿ ಮಾಡಿದ.

ಸೋಮವಾರ ಆಪರೇಷನ್ ಆಯಿತು. ಗುರುವಾರ ಅಶ್ವತ್ಥನಾರಾಯಣ ಪಂಕಜಳನ್ನು ಮನೆಗೆ ಕರೆತರುವಾಗ ಮಧ್ಯಾಹ್ನವಾಗಿತ್ತು. ಹಿಮದಿಂದ ಶಾಲೆಗೆ ರಜೆ. ಮಿಸೆಸ್ ಸೊರೆನ್ಸೆನ್ ಕೂಸನ್ನು ಎತ್ತಿಕೊಂಡು ಬಾಗಿಲು ತೆರೆದಳು. ಪಂಕಜ ಗೋಡೆ ಹಿಡಿದು ನಿಧಾನವಾಗಿ ಅಡುಗೆಮನೆಯವರೆಗೆ ನಡೆದಳು. ಅತ್ತೆ ಊಟಕ್ಕೆ ಕೂತಿದ್ದರು. ಶೈಲಜಾ ಬಡಿಸುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಮೊಸರಿನ ಪಾತ್ರೆ. ಅತ್ತೆಯ ತಟ್ಟೆಯ ಅನ್ನ ಬೆಳ್ಳಗೆ, ಗಟ್ಟಿಯಾಗಿ ಕಲಸಿತ್ತು, ಅರ್ಧ ಮುಗಿದಿತ್ತು.

ಪಂಕಜ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ತುಂಬಿ ಬಂದವು, ಅದನ್ನು ಮರೆಮಾಡಲೂ ಇಲ್ಲ.

"ಹಾಗೆ ನೋಡಬೇಡ," ಎಂದರು ಭಾನುಮತಮ್ಮನವರು, ತಲೆಯೆತ್ತದೆ. "ನಾನು ಹರಕೆ ಮುರಿದಿಲ್ಲ. ನೀರು ಬಿಡೋ ಕೈ ಬೇಕು ಅಂತ ಕೇಳಿಕೊಂಡೆ. ಸಿಕ್ಕಿತು." ಆಮೇಲೆ ಮೊಮ್ಮಗಳ ಕಡೆ ತಿರುಗಿ, ಎಂದಿನ ಗಡಸು ದನಿಯಲ್ಲಿ, "ಇನ್ನೊಂದು ಸೌಟು ಹಾಕು. ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆ ಬೇಗ ಏಳಬೇಕು, ತಲೆಗೆ ಸ್ನಾನ ಮಾಡಬೇಕು. ಶಾಲೆ ಅಂತ ನೆಪ ಹೇಳೋ ಹಾಗಿಲ್ಲ. ಹೆಸರುಗಳನ್ನ ಇವತ್ತಿನಿಂದಲೇ ಕಲಿ. ಮೊದಲು ನಮ್ಮ ಅಕ್ಕನದು, ಸುಬ್ಬಲಕ್ಷ್ಮಿ. ಎಲ್ಲಿ, ಹೇಳು" ಎಂದರು.

ಶೈಲಜಾ ಸೌಟು ಹಿಡಿದುಕೊಂಡೇ ಹೇಳಿದಳು.