ಹೊಲಿದ ಜೇಬಿನ ಸಾಕ್ಷಿ

ನಾನು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಈ ಕತ್ತರಿ ಮುಟ್ಟಿ ಹೇಳುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಕೋರ್ಟಿನ ಎದುರು ಕೂತು ವಕೀಲರ ಕರಿ ಕೋಟು ಹೊಲಿಯುತ್ತಿದ್ದೇನೆ. ಸುಳ್ಳು ಬೇಕೆನ್ನಿಸಿದರೆ ರಸ್ತೆ ದಾಟಿದರೆ ಸಾಕು, ಅಲ್ಲಿ ಕೈತುಂಬ ಸಿಗುತ್ತದೆ. ನಾನು ಯಾಕೆ ಕಷ್ಟಪಡಲಿ? ಕೂತುಕೊಳ್ಳಿ ವಕೀಲರೇ. ನಿಮ್ಮ ಮೊದಲ ಕೇಸಿಗೆ ಇನ್ನೂ ಅರ್ಧ ಗಂಟೆಯಿದೆ, ನಿಮ್ಮ ಕೋಟಿಗೆ ಇನ್ನು ಮೂರು ಗುಂಡಿ ಬಾಕಿಯಿದೆ. ಅಷ್ಟರಲ್ಲಿ ನನ್ನ ಅಕ್ಕನ ಮಗಳ ಕಥೆ ಮುಗಿಸುತ್ತೇನೆ.

ಬೀದಿಯವರು ಅವಳಿಗಿಟ್ಟ ಹೆಸರು ಪಾಟೀಸವಾಲು. ಆಗ ಅವಳು ಕಾಲೇಜಿನಲ್ಲಿ ಕ್ರಿಮಿನಲ್ ಜಸ್ಟಿಸ್ ಓದುತ್ತಿದ್ದಳು. ಪೊಲೀಸರು ಹೇಗೆ ಹಿಡಿಯುತ್ತಾರೆ, ಕೋರ್ಟು ಹೇಗೆ ಬಿಡುತ್ತದೆ, ಜೈಲು ಹೇಗೆ ಇಟ್ಟುಕೊಳ್ಳುತ್ತದೆ, ಎಲ್ಲ ಅದರೊಳಗೇ ಬರುತ್ತದಂತೆ. ಅವಳಿಗೆ ವಕೀಲೆಯಾಗುವ ಹುಚ್ಚು. ಆದರೆ ಲಾ ಕಾಲೇಜಿನವರು ಇವರ ತರಗತಿಗೆಂದು ಇಟ್ಟಿದ್ದು ಒಂದೇ ಒಂದು ಸೀಟು. ವರ್ಷದ ಕೊನೆಗೆ ಒಂದು ಅಣಕು ನ್ಯಾಯಾಲಯ ನಡೆಸುತ್ತಾರೆ, ಅಲ್ಲಿ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಕೆಡವಿದವರಿಗೆ ಆ ಸೀಟು.

ಭಾವನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಅವರು ಆಗಲೇ ಜೈಲಿನ ಕಚೇರಿಯಲ್ಲಿ ಬೀಗದ ಕೈಗಳ ಲೆಕ್ಕ ಇಡುವ ಕೆಲಸಕ್ಕೆ ಅವಳಿಂದ ಅರ್ಜಿ ಹಾಕಿಸಿ, ಆರ್ಡರನ್ನೂ ತರಿಸಿಟ್ಟಿದ್ದರು.

"ಇನ್ನೆರಡು ತಿಂಗಳು ಕಳೆದು, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನೀನು ಜೈಲಲ್ಲಿರಬೇಕು" ಎಂದರು.

"ನಾನೇನು ತಪ್ಪು ಮಾಡಿದೆ ಅಪ್ಪಾ?"

"ಹುಡುಗಾಟ ಬೇಡ. ಅದರ ಹಿಂದಿನ ಶನಿವಾರದ ನಾಟಕ ಗೆದ್ದರೆ ವಕೀಲೆಯಾಗು. ಸೋತರೆ ಬಾಯಿ ಮುಚ್ಚಿಕೊಂಡು ಕೀಲಿ ಎಣಿಸು. ಒಪ್ಪಿಗೆನಾ?"

"ಒಪ್ಪಿಗೆ."

ಅಲ್ಲಿಂದ ಎರಡು ತಿಂಗಳು ಅವಳ ತಯಾರಿ ನಡೆಯಿತು. ನಮ್ಮ ಬೀದಿಗೆ ಅಂಥ ಕಾಲ ಬಂದೇ ಇರಲಿಲ್ಲ. ಹಾಲಿನವನು ಬಾಗಿಲಲ್ಲಿ ಅವಳ ಮುಖ ಕಂಡ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ, "ಅರ್ಧ ಲೋಟ ನೀರು ಅಷ್ಟೇ ಕಣಮ್ಮ, ಅದಕ್ಕಿಂತ ಜಾಸ್ತಿ ಬೆರೆಸಿಲ್ಲ" ಎಂದು ಒಪ್ಪಿಕೊಂಡ. ಅಂಚೆಯವನು ಪಕ್ಕದ ಬೀದಿಯಲ್ಲಿ ನಿಂತು ಕಾಗದಗಳನ್ನು ಎಸೆಯತೊಡಗಿದ. ಹದಿನಾಲ್ಕು ವರ್ಷದ ಹಿಂದೆ ರೇಡಿಯೋ ಒಡೆದದ್ದು ಬೆಕ್ಕಲ್ಲ, ತಾವೇ ಎಂದು ಭಾವ ಊಟದ ನಡುವೆ ಬಾಯಿಬಿಟ್ಟರು. ಅಕ್ಕ ಆ ರಾತ್ರಿ ಬೆಕ್ಕಿಗೆ ಕ್ಷಮೆ ಕೇಳಿದಳು. ನನ್ನ ಅಂಗಡಿಯ ಗೋಡೆ ಗಡಿಯಾರ ಹನ್ನೊಂದು ವರ್ಷದಿಂದ ಹತ್ತು ನಿಮಿಷ ಮುಂದಿತ್ತು. ಅವಳು ಒಂದು ಸಂಜೆ ಅದನ್ನು ದಿಟ್ಟಿಸಿ ನೋಡಿದಳು, ಮರುದಿನ ಸರಿಯಾದ ಹೊತ್ತು ತೋರಿಸುತ್ತಿತ್ತು. ನಗಬೇಡಿ, ಅಲ್ಲೇ ಇದೆ, ನೋಡಿಕೊಳ್ಳಿ.

ಒಬ್ಬನನ್ನು ಮಾತ್ರ ಅವಳಿಂದ ಕೆಡವಲಾಗಲಿಲ್ಲ. ಅದು ನಾನು.

ದಿನಾ ಸಂಜೆ ಕಾಲೇಜು ಬಿಟ್ಟು ನೇರ ಅಂಗಡಿಗೆ ಬರುತ್ತಿದ್ದಳು. ಚಿಕ್ಕಂದಿನಿಂದಲೂ ಅವಳಿಗೆ ಇಲ್ಲೊಂದು ಕೆಲಸವಿತ್ತು. ಹೊಸ ಕೋಟಿನ ಜೇಬು ಜೋಲಬಾರದೆಂದು ನಾವು ಅದರ ಬಾಯನ್ನು ಕಚ್ಚಾ ಹೊಲಿಗೆ ಹಾಕಿ ಮುಚ್ಚಿಡುತ್ತೇವಲ್ಲ, ಗಿರಾಕಿ ಬಂದಾಗ ಆ ದಾರ ಬಿಚ್ಚುವುದು. ಬೆರಳಿಗೆ ಕಣ್ಣಿದ್ದ ಹಾಗೆ ಬಿಚ್ಚುತ್ತಿದ್ದಳು. ದಾರ ಬಿಚ್ಚುತ್ತ ನನಗೆ ಪಾಟೀಸವಾಲು ಹಾಕುತ್ತಿದ್ದಳು.

"ಸರ್ಕಸ್ ಆನೆಗೆ ಕೋಟು ಹೊಲಿದೆ ಅಂದ್ಯಲ್ಲ ಮಾವ, ಎಷ್ಟು ತೋಳು?"

"ನಾಲ್ಕು."

"ನಿನ್ನೆ ಎರಡು ಅಂದಿದ್ದೆ! ಸಿಕ್ಕಿಬಿದ್ದೆ! ಸುಳ್ಳು!"

"ಮುಂದಿನ ಕಾಲಿಗೆ ಎರಡು ತೋಳು. ಹಿಂದಿನ ಕಾಲಿಗೂ ಆಸೆ ಇರಲ್ವೇನೇ? ರಾತ್ರಿ ಕೂತು ಇನ್ನೆರಡು ಹೊಲಿದೆ."

ಅವಳಿಗೆ ಸಿಟ್ಟು. ಇಂಚುಪಟ್ಟಿ ತೆಗೆದು ನನ್ನ ಮೇಲೆಸೆದಳು.

"ನೋಡು ಮಗಳೇ," ಎಂದೆ, ಅಪರೂಪಕ್ಕೆ ನಿಜವನ್ನೇ ಹೇಳಿದೆ. "ನಿನಗೆ ದಾರದ ತುದಿ ಸಿಕ್ಕ ತಕ್ಷಣ ಕಿರುಚಿ ಎಳೀತೀಯ. ಎಳೆದರೆ ಕಡಿದು ಕೈಗೆ ಬರುತ್ತೆ, ಹೊಲಿಗೆ ಒಳಗೇ ಉಳಿಯುತ್ತೆ. ತುದಿ ಸಿಕ್ಕಿದ್ದು ಎದುರಿನವನಿಗೆ ಗೊತ್ತಾಗಬಾರದು. ಅವನೇ ಎಳೀಲಿ."

"ಅದನ್ನ ಹೇಗೆ ಕಲೀಲಿ?"

"ಬಾಯಲ್ಲಿ ನಾಲ್ಕು ಗುಂಡುಸೂಜಿ ಇಟ್ಕೊಂಡು ಕೆಲಸ ಮಾಡು. ತಾನಾಗಿ ಬರುತ್ತೆ."

ಅವಳು ಇಟ್ಟುಕೊಂಡಳು. ಒಂದು ವಾರ ಗುಂಡುಸೂಜಿ ಕಚ್ಚಿಕೊಂಡೇ ನನ್ನ ಆನೆಯ ಕಥೆ ಪೂರ್ತಿ ಕೇಳಿದಳು. ಹೇಳಿ ಹೇಳಿ ನನಗೇ ಆನೆಯ ಮೇಲೆ ಅನುಮಾನ ಬಂತು.

ಶುಕ್ರವಾರ ಕಾಲೇಜಿನ ಗುಮಾಸ್ತ ಅಂಗಡಿಗೆ ಬಂದ. ಅಣಕು ಕೇಸಿಗೆ ಆರೋಪಿಯ ಕೋಟು ಅಂತ ಒಂದು ಕೋಟು ಬೇಕಂತೆ, ಒಂದು ದಿನದ ಮಟ್ಟಿಗೆ. ಗೂಟದಿಂದ ಒಂದು ಹೊಸ ಕೋಟು ತೆಗೆದು ಕೊಟ್ಟೆ. ಜೇಬು ಬಿಚ್ಚುವುದು ಗಿರಾಕಿ ಬಂದಾಗ. ಗುಮಾಸ್ತ ಗಿರಾಕಿಯಲ್ಲ, ಹಾಗಾಗಿ ಬಿಚ್ಚಲಿಲ್ಲ. ಬೇಕೆಂದೇ ಬಿಚ್ಚಲಿಲ್ಲವೇ ಎಂದು ಎಷ್ಟೋ ಜನ ಕೇಳಿದ್ದಾರೆ. ನಾನು ಹೇಳುವುದಿಷ್ಟೇ, ಅದು ನಮ್ಮ ಅಂಗಡಿಯ ಪದ್ಧತಿ.

ಶನಿವಾರ ಕಾಲೇಜಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು, ಅಕ್ಕ, ಭಾವ ಎರಡನೇ ಸಾಲಿನಲ್ಲಿದ್ದೆವು. ಭಾವನ ಅಂಗಿಯ ಜೇಬಿನಿಂದ ಜೈಲಿನ ಆರ್ಡರು ಇಣುಕುತ್ತಿತ್ತು. ಪೀಠದಲ್ಲಿ ನಿಜವಾದ ನಿವೃತ್ತ ನ್ಯಾಯಾಧೀಶರು. ಕಟಕಟೆಯಲ್ಲಿ ನಿಜವಾದ ನಿವೃತ್ತ ಇನ್ಸ್‌ಪೆಕ್ಟರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಯಾವ ವಕೀಲನೂ ಅವರ ಮೀಸೆಯ ಒಂದು ಕೂದಲನ್ನೂ ಅಲ್ಲಾಡಿಸಿರಲಿಲ್ಲ. ಕೇಸು ಇಷ್ಟೇ. ಯಾರೋ ಒಬ್ಬ ಜೇಬುಗಡಿಯಾರ ಕದ್ದು ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದಾನೆ, ಇನ್ಸ್‌ಪೆಕ್ಟರು ತಮ್ಮ ಕೈಯಾರೆ ಅದನ್ನು ಹೊರತೆಗೆದಿದ್ದಾರೆ. ಕೋಟು, ಗಡಿಯಾರ ಎರಡೂ ಮೇಜಿನ ಮೇಲಿದ್ದವು.

ಕೊನೆಗುಳಿದಿದ್ದವರು ಇಬ್ಬರೇ. ಮೊದಲು ಎದ್ದವನಿಗೆ ತರಗತಿಯಲ್ಲಿ ನಿಘಂಟು ಎಂದು ಹೆಸರು. ಪುಸ್ತಕವೆಲ್ಲ ಬಾಯಿಪಾಠ.

"ಆ ಬೀದಿಯಲ್ಲಿ ಆ ಹೊತ್ತು ದೀಪ ಇರಲಿಲ್ಲ ಅಲ್ವಾ?" ಎಂದ.

ಇನ್ಸ್‌ಪೆಕ್ಟರು ಮೀಸೆ ತೀಡಿದರು. "ತಮ್ಮಾ, ದೀಪದ ವಿಷಯ ಎಲ್ಲಿದೆ? ಕಾಗದದಲ್ಲಿದೆಯಾ? ಮೇಜಿನ ಮೇಲಿದೆಯಾ? ಮೇಜಿನ ಮೇಲೆ ಏನಿದೆಯೋ ಅದೇ ಸಾಕ್ಷ್ಯ. ಮಿಕ್ಕಿದ್ದೆಲ್ಲ ನಿನ್ನ ಕಲ್ಪನೆ."

"ಸಾಕ್ಷಿ ಹೇಳಿದ್ದು ಸರಿ," ಎಂದರು ನ್ಯಾಯಾಧೀಶರು. "ಇಬ್ಬರೂ ಬರೆದುಕೊಳ್ಳಿ, ಇಲ್ಲಿನ ನಿಯಮ ಅದೇ."

ನಿಘಂಟು ಮತ್ತೆ ಹತ್ತು ಪ್ರಶ್ನೆ ಕೇಳಿದ. ಮೀಸೆ ಅಲ್ಲಾಡಲಿಲ್ಲ.

ಇವಳು ಎದ್ದಳು. ಸುಮ್ಮನೆ ಮೇಜಿನ ಹತ್ತಿರ ಹೋಗಿ ಕೋಟನ್ನು ಎತ್ತಿದಳು. ಅವಳ ಹೆಬ್ಬೆರಳು ಒಳಜೇಬಿನ ಅಂಚಿನ ಮೇಲೆ ಜಾರುತ್ತ ಹೋಗಿ ಒಂದು ಕಡೆ ನಿಂತಿತು. ಈಗ ಕಿರುಚುತ್ತಾಳೆ, ಕೆಲಸ ಕೆಟ್ಟಿತು ಅಂದುಕೊಂಡೆ.

ಕಿರುಚಲಿಲ್ಲ. ತುಟಿ ಬಿಗಿಹಿಡಿದಳು. ಅಲ್ಲಿ ನಾಲ್ಕು ಗುಂಡುಸೂಜಿ ಇದ್ದದ್ದು ನನಗೊಬ್ಬನಿಗೇ ಕಂಡಿತು.

"ಸಾರ್, ಗಡಿಯಾರ ಸಿಕ್ಕಿದ್ದು ಇದೇ ಕೋಟಲ್ಲಾ? ಬೇರೆ ಯಾವುದಾದರೂ ಇರಬಹುದಲ್ವಾ?"

"ಇದೇ ಕೋಟು. ಕತ್ತಲಲ್ಲೂ ಗುರುತು ಹಿಡೀತೀನಿ."

"ಹೊರಜೇಬಿರಬಹುದು, ಪಾಪ, ಎಷ್ಟೋ ದಿನ ಆಯ್ತು."

"ಒಳಜೇಬು! ಎಡಗಡೆ ಒಳಜೇಬು!"

"ನೀವು ನೋಡಿದ್ದಿರಬಹುದು, ತೆಗೆದದ್ದು ಯಾರೋ ಪೇದೆ ಇರಬೇಕು."

ಇನ್ಸ್‌ಪೆಕ್ಟರಿಗೆ ರೇಗಿತು. "ಈ ಕೈಯಮ್ಮ, ಈ ಬಲಗೈ! ಮಣಿಕಟ್ಟಿನ ತನಕ ಒಳಗೆ ಹಾಕಿ ತೆಗೆದೆ!"

"ಹಾಗಾದ್ರೆ ಆ ಗಡಿಯಾರ ತಗೊಂಡು ಇದೇ ಜೇಬಿಗೆ ಒಂದು ಸಲ ಹಾಕಿ ತೋರಿಸಿಬಿಡಿ ಸಾರ್. ನಾನು ಕೂತ್ಕೋತೀನಿ."

ಹೇಳಿ ನಿಜವಾಗಿಯೂ ಕೂತುಬಿಟ್ಟಳು.

ಇನ್ಸ್‌ಪೆಕ್ಟರು ಗಡಿಯಾರ ಹಿಡಿದು ಕೈ ತುರುಕಿದರು. ಹೋಗಲಿಲ್ಲ. ಕೋಟನ್ನು ತಿರುಗಿಸಿ ತುರುಕಿದರು. ಎರಡು ಬೆರಳು, ಆಮೇಲೆ ಒಂದು ಬೆರಳು, ಕೊನೆಗೆ ಉಗುರು. ನನ್ನ ಹೊಲಿಗೆ ಸ್ವಾಮಿ, ಎಲ್ಲಿ ಬಿಡುತ್ತದೆ? ಹಣೆಯಿಂದ ಬೆವರು ಇಳಿದು ಮೀಸೆಗೆ ಬಂತು, ಮೀಸೆಯ ಎರಡು ತುದಿಯೂ ಗಡಿಯಾರದ ಆರೂವರೆಯ ಮುಳ್ಳಿನ ಹಾಗೆ ಕೆಳಗೆ ಬಿದ್ದವು.

"ಇದು... ಇದು ಹೊಸ ಕೋಟು. ಸುಮ್ಮನೆ ತೋರಿಸೋಕೆ ತಂದಿಟ್ಟಿದ್ದು!" ಎಂದರು.

ಅವಳು ಎದ್ದು, ದನಿ ಎತ್ತದೆ, "ಮೇಜಿನ ಮೇಲೆ ಏನಿದೆಯೋ ಅದೇ ಸಾಕ್ಷ್ಯ ಅಂದವರು ತಾವೇ ಸಾರ್. ಹುಟ್ಟಿದಾಗಿನಿಂದ ಬಾಯಿ ತೆರೆಯದ ಜೇಬು ಇದು. ನನ್ನ ಪ್ರಶ್ನೆ ಮುಗೀತು" ಎಂದಳು.

ಮೊದಲು ನಕ್ಕವರು ನ್ಯಾಯಾಧೀಶರು. ಆಮೇಲೆ ಸಭಾಂಗಣದ ಹೆಂಚು ಹಾರಿಹೋಗುವಂಥ ಚಪ್ಪಾಳೆ. ಇನ್ಸ್‌ಪೆಕ್ಟರು ಕಟಕಟೆಯಿಂದ ಇಳಿದು ಬಂದು ಅವಳಿಗೆ ಸೆಲ್ಯೂಟ್ ಹೊಡೆದರು. ಸೀಟು ಅವಳದಾಯಿತು. ಭಾವ ಆರ್ಡರನ್ನು ತೆಗೆದು, ಅದರಲ್ಲೇ ಕಣ್ಣೊರೆಸಿಕೊಂಡು, ಶಾಯಿ ಮುಖಕ್ಕೆಲ್ಲ ಹತ್ತಿ, ನೀಲಿ ಮುಖದಲ್ಲೇ "ನನ್ನ ಮಗಳು, ನನ್ನ ಮಗಳು" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು. ಆ ಕೋಟನ್ನು ನಾನು ಅವಳ ಅಳತೆಗೆ ಇಳಿಸಿಕೊಟ್ಟೆ. ಇವತ್ತಿಗೂ ಕೋರ್ಟಿಗೆ ಅದನ್ನೇ ಹಾಕುತ್ತಾಳೆ, ಆ ಒಳಜೇಬನ್ನು ಇವತ್ತಿಗೂ ಬಿಚ್ಚಿಲ್ಲ.

ಹೂಂ, ಮೂರನೇ ಗುಂಡಿಯೂ ಆಯಿತು. ಹಾಕಿಕೊಳ್ಳಿ. ಭುಜ ಚೆನ್ನಾಗಿ ಕೂತಿದೆ. ಅಂದಹಾಗೆ, ಇವತ್ತು ನಿಮ್ಮ ಎದುರು ಪಕ್ಷಕ್ಕೆ ಯಾರು? ಎರಡನೇ ಕೋರ್ಟ್ ಹಾಲಿನಲ್ಲಾ? ಕನ್ನಡಕ ಹಾಕಿದ, ಕುಳ್ಳಗಿನ, ಪ್ರಶ್ನೆ ಕೇಳುವ ಮೊದಲು ತುಟಿ ಬಿಗಿಹಿಡಿಯುವ ಹೆಂಗಸಾ? ಅಯ್ಯೋ, ಅವಳೇ ಸ್ವಾಮಿ, ನಮ್ಮ ಪಾಟೀಸವಾಲು! ಹೆದರಬೇಡಿ, ಬಹಳ ಒಳ್ಳೆಯ ಹುಡುಗಿ, ಆ ಸರ್ಕಸ್ ಆನೆ ಕೂಡ ಒಂದು ದಿನ ಅವಳೆದುರು ಮಂಡಿಯೂರಿ ಹೇಳಿತು, ಏನಂತ ಅಂದರೆ... ಅರೆ, ಹೀಗೆ ಓಡಿದರೆ ಹೇಗೆ? ವಕೀಲರೇ! ನಿಲ್ಲಿ! ನಿಮ್ಮ ಕಾಗದ ಪತ್ರ ಇಟ್ಟುಕೊಳ್ಳುವುದು ಎಲ್ಲಿ, ಜೇಬಿನ ಕಚ್ಚಾ ಹೊಲಿಗೆ ಇನ್ನೂ...