ದುರ್ಗಮ್ಮನ ತವರಿನ ಕುರ್ವೆ

ಶಿರಸಿಯ ಕಚೇರಿಯಲ್ಲಿ ಕೂತು ಗಗನಾ ಘಟ್ಟದ ಕೆಳಗಿನ ಕುರ್ವೆಗಳನ್ನು ಅಳೆಯುತ್ತಿದ್ದಳು. ಅಘನಾಶಿನಿ ಸಮುದ್ರ ಸೇರುವಲ್ಲಿನ ನಡುಗಡ್ಡೆಗಳವು. ೧೯೯೦ರ ಉಪಗ್ರಹ ಚಿತ್ರದಲ್ಲಿ ದುಂಡಗಿದ್ದ ಕುರ್ವೆಯೊಂದು ೨೦೦೩ರ ಚಿತ್ರದಲ್ಲಿ ಅರ್ಧಕ್ಕರ್ಧ ಮಾಯ! ಸೋಮವಾರ ವರದಿ ಹೋದರೆ ಅಲ್ಲಿನ ಹತ್ತು ಮನೆಗಳನ್ನು ಎಬ್ಬಿಸುವುದು ಖಂಡಿತ.

ಆ ಹತ್ತರಲ್ಲೊಂದು, ಕಚೇರಿಯಲ್ಲಿ ಚಹಾ ಮಾಡುವ ದುರ್ಗಮ್ಮನ ತವರು. ಕೆಮ್ಮಿದರೆ ಕಷಾಯ, ಊಟ ಬಿಟ್ಟರೆ ಬೈಗುಳ. ಅವಳ ಪ್ರೀತಿಗೆ ಅರ್ಜಿ ಹಾಕಬೇಕಿರಲಿಲ್ಲ. ಅಂಥವಳಿಂದ ಮುಚ್ಚಿಡಲು ಗಗನಾಳಿಗೆ ಮನಸ್ಸು ಬರಲಿಲ್ಲ.

“ದುರ್ಗಮ್ಮಾ, ನಿಮ್ಮ ತವರಿನ ಬದಿಯನ್ನ ನೀರು ತಿಂದುಹಾಕಿದೆ.”

ದುರ್ಗಮ್ಮ ಲೋಟ ಕೆಳಗಿಟ್ಟಳು. “ಮೊನ್ನೆ ನಮ್ಮಣ್ಣ ಬೈರಣ್ಣ ಅಲ್ಲಿಂದ ಮೀನು ತಂದು ಕೊಟ್ಟು ಹೋದ. ಮನೆ ಹೋಗಿದ್ರೆ ಹೇಳ್ತಿರ್ಲಿಲ್ವಾ?”

“ಮನೆ ಇದ್ದೀತು, ಚಿತ್ರದಲ್ಲಿ ಕಾಣುವಷ್ಟು ದೊಡ್ಡದಲ್ಲ. ಸುತ್ತಲಿನ ಗದ್ದೆ ಹೋಗಿದೆ.”

“ಯಾವತ್ತು ತೆಗ್ದದ್ದು ಇದು?”

“ಡಿಸೆಂಬರ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತೂವರೆ.”

“ತಾರೀಕು ಕಟ್ಕೊಂಡು ಎಂತ ಮಾಡೂದು? ತಿಥಿ ಹೇಳಿ!”

ಉಪ್ಪಿನಕಾಯಿ ಹಾಕಲೂ ಪಂಚಾಂಗ ಬಿಚ್ಚುವ ಮನೆಯಲ್ಲಿ ಹುಟ್ಟಿದವಳು ಗಗನಾ. ತಲೆಯ ಮೇಲೇ ತೂಗುತ್ತಿದ್ದ ಆ ವರ್ಷದ ಪಂಚಾಂಗವನ್ನು ಈಗ ತೆಗೆದು ನೋಡಿದಳು. ಅಮಾವಾಸ್ಯೆ.

“ಅಯ್ಯ ದೇವ್ರೇ! ಅಮಾಸೆ ದಿನ ಆ ಹೊತ್ತಿಗೆ ಸಮುದ್ರದ ಭರತ ಅಲ್ವಾ? ಗದ್ದೆಯೆಲ್ಲ ಮುಳುಗಿ ಮೆಟ್ಟಿಲವರೆಗೆ ನೀರು ಬತ್ತದೆ. ಮಧ್ಯಾಹ್ನದ ಮೇಲೆ ತಂತಾನೇ ಇಳೀತದೆ.”

ಗಗನಾ ಮನೆಗೆ ಫೋನು ಮಾಡಿ, ೧೯೯೦ರ ಚಿತ್ರದ ತಾರೀಕಿಗೆ ತಿಥಿ ಕೇಳಿದಳು. ಹಳೇ ಪಂಚಾಂಗಗಳನ್ನು ಗಂಟು ಕಟ್ಟಿಟ್ಟ ಅಪ್ಪ ರಘುಪತಿಯನ್ನು ಅವಳು ಎಷ್ಟು ಸಲ ಗೇಲಿ ಮಾಡಿದ್ದಳೋ! “ತೊಂಬತ್ತರ ಫೆಬ್ರವರಿ ಹದಿನೆಂಟು? ಅಷ್ಟಮಿ ಇದ್ದು,” ಎಂದರು ಅಪ್ಪ. “ಹಳೇ ಮುಹೂರ್ತ ಎಂತಕ್ಕೆ ಕೂಸೆ?”

ಉಪಗ್ರಹ ಯಾವತ್ತೂ ಹಾಯುವ ಆ ಬೆಳಗಿನ ಹೊತ್ತಿಗೆ, ಅಷ್ಟಮಿಯಂದು ನೀರು ಇಳಿದಿರುತ್ತದೆ. ಇಳಿತದ ಕುರ್ವೆಯನ್ನು ಭರತದ ಕುರ್ವೆಯೊಂದಿಗೆ ಹೋಲಿಸಿ ತಾನು ಹತ್ತು ಮನೆ ಎಬ್ಬಿಸಹೊರಟಿದ್ದೆ! ಗಗನಾಳಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ವರದಿ ತಡೆದು, ಇನ್ನೊಂದು ಅಷ್ಟಮಿಯ ಚಿತ್ರಕ್ಕೆ ಬರೆದಳು.

ಅದು ಬರಲು ತಿಂಗಳು ಹಿಡಿಯಿತು. ಬಡಗಣ ದಡದಲ್ಲಿ ಒಂದು ಪಟ್ಟಿಯಷ್ಟು ಮಣ್ಣು ಹೋಗಿದ್ದು ನಿಜ. ಉಳಿದ ಕುರ್ವೆ ಹಾಗೇ ಇತ್ತು.

“ಇಲ್ಲೇ ನಮ್ಮನೆ,” ಎಂದು ದುರ್ಗಮ್ಮ ಪರದೆಯ ಮೇಲೆ ಬೆರಳಿಟ್ಟಳು. ಬೆರಳಡಿ ಕುರ್ವೆಯೆಲ್ಲ ಮುಚ್ಚಿಹೋಯಿತು. ಇಬ್ಬರ ಕಣ್ಣೂ ಒದ್ದೆಯಾದವು.

“ನಿಮ್ಮ ಉಪಗ್ರಹಕ್ಕೆ ಹೇಳಿಡಿ ಗಗನಮ್ಮಾ,” ಎಂದಳು ದುರ್ಗಮ್ಮ, ಸೆರಗಿನಿಂದ ಮೂಗೊರೆಸುತ್ತ. “ಅಮಾಸೆ ದಿನ ನಮ್ಮ ಕುರ್ವೆಗೆ ನೆಂಟರನ್ನ ಕರೆಯೂದಿಲ್ಲ.”