ಕೊಂಬೆಯ ಮೇಲೆ ಐದು ಗಿಳಿ

ಹತ್ತಿಯ ಎಳೆಯೊಂದು ರೈಲಿನ ಕಿಟಕಿಯಿಂದ ಒಳಗೆ ತೇಲಿ ಬಂತು, ಎಲ್ಲೂ ಕೂರಲೊಲ್ಲದೆ, ಎದುರಿನ ಮುದುಕಿಯ ಮೂಗುತಿಯ ಹತ್ತಿರ ಒಂದು ಗಳಿಗೆ ನಿಂತು ಮತ್ತೆ ಮೇಲಕ್ಕೆ ಹೋಯಿತು — ದಾವಣಗೆರೆಯ ಗಾಳಿಯಲ್ಲೆಲ್ಲ ಇದೇ, ಮಿಲ್ಲುಗಳು ಬಿಟ್ಟ ಉಸಿರು, ಮಕ್ಕಳ ತಲೆಗೂದಲಲ್ಲಿ, ಹಾಲಿನ ಲೋಟದಲ್ಲಿ, ಬೆಳಿಗ್ಗೆ ಮೈಲಮ್ಮನ ರೆಪ್ಪೆಯ ಮೇಲೂ ಒಂದು ಎಳೆ ಇತ್ತಲ್ಲ, ಶಿಶುವಿಹಾರದಲ್ಲಿ ಪಾಠ ಹೇಳುವ ಅಕ್ಕನಾಗಮ್ಮ ಬೆರಳ ತುದಿಯಿಂದ ಅದನ್ನು ತೆಗೆದಿದ್ದಳು, ಕಣ್ಣು ಮುಚ್ಚೇ ಅಂದಿದ್ದಳು, ಕೂಸು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಿತ್ತು, ತೆಗೆದಾದ ಮೇಲೂ ಬಿಡದೆ, ಬಿಡ್ಲೇನ್ರಿ ಅಕ್ಕೋರೆ ಎಂದು ಕೇಳಿತ್ತು. ಹೇಳಿದ್ದನ್ನು ಹೇಳಿದಷ್ಟೇ ಕೇಳುವ ಕೂಸು. ಅದು ಗೊತ್ತಿತ್ತು, ಗೊತ್ತಿದ್ದೂ ಅದಕ್ಕೆ ಹಾರು ಎಂದಳಲ್ಲ. ಗಾಡಿ ತೆವಳುತ್ತಿದೆ, ಹರಿಹರ ಎಷ್ಟು ಹತ್ತಿರ, ಹೂವು ತರಕಾರಿ ಮಾರಲು ಬಂದವರು ಬಿಸಿಲೇರುವ ಮೊದಲು ಮನೆ ಸೇರುವಷ್ಟು ಹತ್ತಿರ, ಆದರೂ ಅವಳು ಈ ದಾರಿಯ ಗಾಡಿಯಲ್ಲಿ ಕೂತು ಎಷ್ಟೋ ವರ್ಷವಾಯಿತು — ಅದು ಬೇಡ ಈಗ, ಈಗ ಮೈಲಮ್ಮ, ಹಸಿರು ಲಂಗ, ಎರಡು ಜಡೆ, ಒಂದು ಮೇಲೆ ಒಂದು ಕೆಳಗೆ, ಅಪ್ಪ ಹೆಣೆದ ಜಡೆ ಅದು, ದಿನವೆಲ್ಲ ಮಿಲ್ಲಿನಲ್ಲಿ ಕಡಿದ ನೂಲು ಹುಡುಕಿ ಗಂಟು ಹಾಕುವ ಗಿಡ್ಡಪ್ಪನಿಗೆ ಮಗಳ ಕೂದಲು ಮಾತ್ರ ಕಟ್ಟಲು ಬರುವುದಿಲ್ಲ, ಅವರವ್ವ ಹಡೆದಾಳ್ರಿ, ಹರಿಹರದಾಗೆ ತವರಿನಾಗೆ ಅದಾಳೆ, ಅದಕಾ ನಾನಾ ಬಾಚಿದೆ, ಎಂದು ಶಿಶುವಿಹಾರದ ಬಾಗಿಲಲ್ಲಿ ನಿಂತು ನಾಚಿಕೊಂಡಿದ್ದ, ಮೈಲಮ್ಮ ಅವನ ಕಾಲ ಸಂದಿಯಿಂದ ಇಣುಕಿ, ನನಗ ತಮ್ಮ ಹುಟ್ಯಾನ್ರಿ, ನಾ ಇನ್ನಾ ನೋಡಿಲ್ಲ, ಎಂದಿದ್ದಳು.

ಲೆಕ್ಕವನ್ನು ಹುಣಸೆ ಬೀಜದಿಂದಲೇ ಶುರುಮಾಡಿದ್ದು, ಎಲ್ಲರೂ ಹಾಗೇ ಶುರುಮಾಡುವುದು, ತೊಳೆದು ಒಣಗಿಸಿದ ಬೀಜ, ಚಾಪೆಯ ಮೇಲೆ ಐದು, ಎರಡು ತೆಗೆದೆ ನೋಡ್ರಪ್ಪಾ, ಈಗ ಎಷ್ಟು ಅದಾವೆ, ಐದು ಎಂದು ಎಲ್ಲರದೂ ಒಂದೇ ದನಿ, ಅಯ್ಯೋ ಎರಡು ತೆಗೆದೆನಲ್ಲ, ಹೂನ್ರಿ ತೆಗೆದ್ರಿ, ಹಂಗಾದ್ರೆ ಎಷ್ಟು, ಐದು. ಮೈಲಮ್ಮ ಎದ್ದು ಬಂದು ಅವಳ ಸೆರಗು ಸರಿಸಿ ತೋರಿಸಿದಳು, ಇಲ್ಲೇ ಅದಾವಲ್ರಿ ಅಕ್ಕೋರೆ, ನಿಮ್ಮ ಮಡ್ಲಾಗೆ. ಹೌದಲ್ಲ. ಕೂಡುವುದು ಈ ಮಕ್ಕಳಿಗೆ ಒಂದೇ ದಿನದಲ್ಲಿ ಬಂದುಬಿಟ್ಟಿತು, ಇನ್ನೊಂದು ಕೊಡ್ರಿ ಎನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ, ಕಳೆಯುವುದು ಮಾತ್ರ ವಾರವಾದರೂ ಬರಲಿಲ್ಲ, ಕಣ್ಣೆದುರಿಗೇ ಇರುವುದನ್ನು ಇಲ್ಲವೆಂದು ಹೇಗೆ ಎಣಿಸುವುದು, ತೆಗೆದದ್ದು ಕಾಣಬಾರದು, ಅದಕ್ಕೇ ತೊಡಕು, ಕಾಣದ ಹಾಗೆ ಹೋಗಬೇಕು, ಎಂದು ರಾತ್ರಿಯೆಲ್ಲ ಅದೇ ಯೋಚನೆ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವಾಗ ಥಟ್ಟನೆ ಹೊಳೆಯಿತು — ಬೀಜ ಬ್ಯಾಡ, ಗಿಳಿ. ಉದ್ದ ಬೆಂಚು ಕೊಂಬೆಯಾಯಿತು, ಐದು ಮಕ್ಕಳು ಗಿಳಿಯಾದರು, ಕಾಲು ಮಡಚಿ ಕೂತು, ಕೈ ರೆಕ್ಕೆ ಮಾಡಿ, ಕಿಚಕಿಚ ಎಂದು ಸದ್ದು ಮಾಡುತ್ತ, ಉಳಿದವರು ಚಾಪೆಯ ಮೇಲೆ ಬಾಯಿ ತೆರೆದು ನೋಡುತ್ತ, ಮಧ್ಯೆ ಅವಳು, ಎಂದೂ ಇಷ್ಟು ಗಟ್ಟಿಯಾಗಿ ಮಾತಾಡದವಳು, ಎರಡು ಗಿಳಿ ಹಾರಿಹೋದವು ಪುರ್ರ್ ಎಂದು ಸೀರೆಯ ಸೆರಗನ್ನೇ ಬೀಸಿದಳು, ಓಬ ಹಾರಿದ, ಮೈಲಮ್ಮ ಹಾರಿದಳು, ಬಾಗಿಲಾಚೆಗೆ, ಬಿಸಿಲೊಳಗೆ, ಈಗ ಎಷ್ಟು ಉಳಿದಾವೆ — ಮೂರೂ! ಆ ಮೂರು ಎನ್ನುವ ಕೂಗು, ಹೆಂಚು ಹಾರುವಂಥ ಕೂಗು, ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಬಂತು, ಬಂತು ಇವಕ್ಕೆ, ಕಮಲಕ್ಕನಿಗೆ ಹೇಳಬೇಕು, ಈ ಶಿಶುವಿಹಾರ ನಡೆಸುವ ಕಮಲಕ್ಕ ಎಷ್ಟು ಖುಷಿಪಡುತ್ತಾರೋ, ಎಂದುಕೊಳ್ಳುತ್ತಲೇ ನಾನು ಗಿಳಿ ನಾನು ಗಿಳಿ ಎಂದು ಎಲ್ಲರೂ ಬೆಂಚಿಗೆ ಮುತ್ತಿದರು, ಓಬನಂತೂ ಆಗಲೇ ವಾಪಸು ಬಂದು ಇನ್ನೊಮ್ಮೆ ಕೊಂಬೆ ಹತ್ತಿದ್ದ, ಮತ್ತೆ ಹಾರುವುದು, ಮತ್ತೆ ಎಣಿಸುವುದು, ಅವಳು ನಗುತ್ತಿದ್ದಳು, ಪುಡಿ ಕದಡಿ ಮಾಡಿದ ಹಾಲು ಹಂಚುವವರೆಗೂ ನಗುತ್ತಲೇ ಇದ್ದಳು, ಎಲ್ಲರ ತುಟಿಯ ಮೇಲೂ ಬಿಳಿ ಮೀಸೆ, ತಟ್ಟೆಯಲ್ಲಿ ಒಂದು ಲೋಟ ಹಾಗೇ ಕೂತಿತ್ತು, ಯಾರದಿದು, ಯಾರು ಕುಡಿದಿಲ್ಲ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಓಬ ಮೀಸೆ ಒರೆಸಿಕೊಂಡು, ಮೈಲಿದು, ಅವ್ಳು ಹಾರಿ ಹೋಗ್ಯಾಳಲ್ರಿ, ಎಂದ.

ಅಲ್ಲಿಂದ ಮುಂದಿನದು ಸರಿಯಾಗಿ ನೆನಪಿಗೆ ಬರುತ್ತಿಲ್ಲ, ಬಾವಿಯೊಳಗೆ ಇಣುಕಿದ್ದು, ಬೇವಿನ ಮರದ ಹಿಂದೆ, ಹತ್ತಿ ತುಂಬಿದ ದೊಡ್ಡ ಅಂಡಿಗೆಗಳ ಸಂದಿಯಲ್ಲಿ, ಮೈಲಮ್ಮಾ ಮೈಲಮ್ಮಾ, ಗಿಡ್ಡಪ್ಪನ ಮನೆಗೆ ಬೀಗ, ಕಮಲಕ್ಕ ಬಂದವರು ಬಯ್ಯಲಿಲ್ಲ, ನಾನು ಮಿಲ್ಲಿನ ಗೇಟಿಗೆ ಹೋಗಿ ಅವರಪ್ಪಗ ಹೇಳ್ತೀನಿ, ನೀ ಸ್ಟೇಷನ್ ಕಡೆ ನೋಡು, ಕೂಸು ಸಿಗಲಿಲ್ಲ ಅಂದ್ರೆ ನಾವು ಯಾರ ಮುಖ ನೋಡೋದು ಅಕ್ಕನಾಗಮ್ಮ, ಎಂದರು, ಅದು ಬೈಗುಳಕ್ಕಿಂತ ಕಷ್ಟ. ಸ್ಟೇಷನ್ನಿನ ಹಮಾಲಿ ಬೀಡಿ ಆರಿಸಿ, ಹಸಿರು ಲಂಗದ್ದೇನ್ರಿ, ಹೂಂ, ಬದನೆಕಾಯಿ ಪುಟ್ಟಿ ಹೆಂಗಸ್ರ ಜತೆ ಹತ್ತಿತು, ಅವ್ರ ಪೈಕಿನಾ ಅಂದ್ಕಂಡೆ, ಹರಿಹರದ ಗಾಡಿ, ಎಂದ, ಮಿಲ್ಲಿನ ಗೇಟಿನಲ್ಲಿ ಕಮಲಕ್ಕನಿಗೆ ಸುದ್ದಿ ಮುಟ್ಟಿಸಪ್ಪಾ ಎಂದು ಅವನಿಗೇ ಹೇಳಿ ಮುಂದಿನ ಗಾಡಿ ಹತ್ತಿದ್ದಳು. ಹರಿಹರ. ಬಾತಿಯ ಗುಡ್ಡ ಕಾಣುತ್ತಿದೆ, ಬಿಸಿಲ ಝಳದಲ್ಲಿ ಗುಡ್ಡ ನೀರಿನಲ್ಲಿ ಬಿಂಬ ಅಲುಗಿದಂತೆ ಅಲುಗುತ್ತಿದೆ, ಅಂದೂ ಹೀಗೇ ಅಲುಗಿತ್ತು, ಎದುರು ದಿಕ್ಕಿನ ಗಾಡಿಯಲ್ಲಿ, ಮಡಿಲಲ್ಲಿ ತಗಡಿನ ಟ್ರಂಕು. ಬಕ್ಕೇಶಪ್ಪನ ಹೆಂಡತಿಯಾಗಿ ಹರಿಹರದ ಮನೆ ಹೊಕ್ಕಾಗ ಅವಳಿಗೆ ಇನ್ನೂ ಸೀರೆಯ ನಿರಿಗೆ ಸರಿಯಾಗಿ ನಿಲ್ಲುತ್ತಿರಲಿಲ್ಲ, ಮಕ್ಕಳಾಗಲಿಲ್ಲ, ಒಂದು ದಿನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ, ನೀನೂ ಇರು, ಯಾರು ಬ್ಯಾಡ ಅಂದಾರು, ಎಂದ. ಅವಳು ಟ್ರಂಕು ಹಿಡಿದು ಹೊಸಿಲು ದಾಟಿದಾಗ ಅತ್ತೆ ಜಗಲಿಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು, ಚಾಚಿದ್ದ ಕಾಲು ಮಡಚಿ ದಾರಿ ಬಿಟ್ಟಳು, ಅಷ್ಟೇ, ಎಲ್ಲಿಗೆ ಹೊಂಟಿ ಎನ್ನಲಿಲ್ಲ, ಓಣಿಯ ತುದಿಯವರೆಗೂ ಬೆನ್ನೆಲ್ಲ ಕಿವಿಯಾಗಿ ನಡೆದಿದ್ದಳು ಅಕ್ಕನಾಗಮ್ಮ, ಯಾರಾದರೂ ಕೂಗಿಯಾರು, ಒಬ್ಬರಾದರೂ, ಮೊರದಲ್ಲಿ ಅಕ್ಕಿ ಕೇರುವ ಸದ್ದು ಮಾತ್ರ, ಆ ಸದ್ದು ನಿಲ್ಲಲೂ ಇಲ್ಲ. ಮೈಲಮ್ಮನೂ ಹಾಗೇ ಕಿವಿಗೊಟ್ಟು ಹೋದಳೇ, ಬೇವಿನ ಮರದವರೆಗೆ, ಗೇಟಿನವರೆಗೆ, ಒಳಗಿಂದ ಮೂರು ಎಂಬ ಕೂಗು ಕೇಳಿತೇ — ಅಯ್ಯೋ, ಮೂರು ಎಂದು ಕುಣಿಯುತ್ತಿದ್ದ ತನಗೆ ಬಾ ಎನ್ನಲು ನೆನಪಾಗಲಿಲ್ಲವೇ. ಹರಿಹರದಲ್ಲಿ ಹೊಳೆ ಇದೆ. ಈಗ ನೀರು ಕಡಿಮೆ, ಆದರೆ ಮಡುಗಳಿವೆ, ಮೆಟ್ಟಿಲಿಗೆ ಪಾಚಿ, ಹಸಿರು ಲಂಗ ಹಸಿರು ಪಾಚಿ — ಬ್ಯಾಡ, ಬ್ಯಾಡ, ಎಂದು ಅವಳು ಗಟ್ಟಿಯಾಗಿಯೇ ಅಂದಳೇನೋ, ಎದುರಿನ ಮುದುಕಿ, ಏನವ್ವಾ, ಮೈಯಾಗೆ ಹುಷಾರಿಲ್ಲೇನು, ಎನ್ನುತ್ತಿದ್ದಾಳೆ, ಗಾಡಿ ನಿಂತಿದೆ, ಹರಿಹರ.

ಓಡುವ ಹೆಂಗಸನ್ನು ಊರು ತಿರುಗಿ ನೋಡುತ್ತದೆ, ನೋಡಲಿ, ಚಪ್ಪಲಿ ಕೈಯಲ್ಲಿ, ಟಾರು ಸುಡುತ್ತಿದೆ, ಪುಟ್ಟಕ್ಕನ ಮನೆ ಎಲ್ಲಿ, ದಾವಣಗೆರೆ ಮಿಲ್ಲಿನ ಗಿಡ್ಡಪ್ಪಗೆ ಮಗಳು ಮರಿಯವ್ವನ್ನ ಕೊಟ್ಟಾರಲ್ಲ ಆ ಪುಟ್ಟಕ್ಕ, ದೇವಸ್ಥಾನದ ಹಿಂದ್ಲ ಓಣಿ ಹಿಡೀರಿ, ಎಡಕ್ಕ ಹೊಳ್ರಿ, ಗಾಣದ ಮನೆ ದಾಟಿ, ಹೊಳೆಯ ತಂಪು ಗಾಳಿ ಒಮ್ಮೆಲೇ ಮುಖಕ್ಕೆ ಬಡಿಯಿತು, ಮೆಟ್ಟಿಲ ಕಡೆ ನೋಡಲಾರದೆ ನೋಡಿದಳು, ಬಟ್ಟೆ ಒಗೆಯುವವರು, ಎಮ್ಮೆ, ಬೆಳ್ಳಗೆ ಹೊಳೆಯುವ ನೀರು, ಹಸಿರು ಇಲ್ಲ, ಎಲ್ಲೂ ಹಸಿರು ಇಲ್ಲ, ಮತ್ತೆ ಓಡಿದಳು. ತಗ್ಗಿನ ಬಾಗಿಲು, ಪುಟ್ಟಕ್ಕನೇ ಇರಬೇಕು, ಮುದುಕಿಯೊಬ್ಬಳು ಬಾಣಂತಿಯ ನೀರಿಗೆ ಒಲೆ ಊದುತ್ತಿದ್ದವಳು ತಲೆಯೆತ್ತಿ, ಅಕ್ಕೋರೇನ್ರಿ, ಬರ್ರಿ ಬರ್ರಿ, ಯಾಕ ಹಿಂಗ ಬೆವತೀರಿ, ಕೂಡ್ರಿ, ನಿಮ್ಮ ಹುಡುಗಿ ಇಲ್ಲೇ ಐತೆ, ಬದನೆಕಾಯಿ ಮಾರೋ ಸಾರಥಿ ಊರಿನ ಹೆಂಗಸ್ರು ತಂದು ಬಾಗ್ಲಿಗೆ ಬಿಟ್ಟು ಹೋದ್ರು, ಯಾರ ಕೂಸೇ ನೀನು ಅಂದ್ರೆ ಪುಟ್ಟಕ್ಕನ ಮೊಮ್ಮಗಳು ಅಂದ್ಲಂತೆ, ನೋಡ್ರಿ ಎಷ್ಟು ಜಾಣಿ, ಎಂದು ನಕ್ಕಳು, ನಗುತ್ತಾಳೆ ಈ ಮುದುಕಿ, ಅಕ್ಕನಾಗಮ್ಮ ಚಪ್ಪಲಿ ಕೆಳಗಿಟ್ಟು ಹೊಸಿಲ ಮೇಲೇ ಕೂತಳು. ಒಳಗೆ ಕತ್ತಲೆ, ಲೋಬಾನದ ಹೊಗೆ, ಕಣ್ಣಿಗೆ ಒಂದೊಂದಾಗಿ ಕಂಡಿತು, ಮಂಚ, ಅದರಡಿಗೆ ಕೆಂಡದ ಬೋಗುಣಿ, ಕಿವಿಗೆ ಬಟ್ಟೆ ಕಟ್ಟಿಕೊಂಡ ಮರಿಯವ್ವ, ಅವಳ ಪಕ್ಕದಲ್ಲಿ ಧೂಳು ಕಾಲಿನ ಮೈಲಮ್ಮ, ನಡುವೆ ಬಟ್ಟೆಯ ಗಂಟಿನಂಥ ಕೂಸು. ಬೈಬ್ಯಾಡ್ರಿ ಅಕ್ಕೋರೆ, ಎಂದಳು ಮರಿಯವ್ವ, ತಮ್ಮನ್ನ ನೋಡಾಕೆ ಬಂದೈತೆ. ಬೈಯಲು ಬಂದಿಲ್ಲ, ನಾನು ಕಳೆದುಬಿಟ್ಟಿದ್ದೆ ಇವಳನ್ನ, ನೀವು ನನ್ನ ಬೈಯಿರಿ, ಎನ್ನಬೇಕು, ಕೈ ಮಾತ್ರ ಮುಂದೆ ಹೋಯಿತು, ಬಾರೇ, ಎಂದಳು, ಕೊನೆಗೂ ಆ ಮಾತು ಬಂತು, ಬಾರೇ ಮೈಲಮ್ಮ, ಮೈಲಮ್ಮ ಎದ್ದು ಕೂತಳು, ಬರಲು ಹೊರಟಳು ಕೂಡ, ಹೇಳಿದ್ದನ್ನು ಕೇಳುವ ಮಗು, ಅರ್ಧಕ್ಕೆ ನಿಂತು, ಬರಾಕ ಆಗಲ್ರಿ ಅಕ್ಕೋರೆ, ಇವ ಬಿಡವಲ್ಲ, ಎಂದಳು. ಹಸುಗೂಸು ನಿದ್ದೆಯಲ್ಲೇ ಅಕ್ಕನ ತೋರುಬೆರಳನ್ನು ಹಿಡಿದಿತ್ತು.

ಗಿಡ್ಡಪ್ಪ ಸೈಕಲ್ ತುಳಿದುಕೊಂಡೇ ಬಂದುಬಿಟ್ಟಿದ್ದ, ತಲೆಯ ತುಂಬ ಹತ್ತಿ, ಮುದುಕನಂತೆ ಕಾಣುತ್ತಿದ್ದ, ಬಾಗಿಲಲ್ಲಿ ಅವಳನ್ನು ನೋಡಿ, ಐತಾ, ಎಂದ, ಐತೆ, ಎಂದಳು, ಉಂಡ್ಳಾ, ಎಂದ, ಆಮೇಲೆ ಸೈಕಲ್ಲನ್ನು ಹಾಗೇ ನೆಲಕ್ಕೆ ಬಿಟ್ಟು ಗೋಡೆಗೆ ಮುಖ ಮಾಡಿ ನಿಂತ, ಬೆನ್ನು ಅಲುಗುತ್ತಿತ್ತು, ತಿರುಗಿದಾಗ ಮುಖ ಒರೆಸಿಕೊಂಡಿದ್ದ, ಇನ್ನೊಂದ್ಸಲ ಬಾಗ್ಲಾಚಿಗೆ ಕಳಿಸಬ್ಯಾಡ್ರಿ ಅಕ್ಕೋರೆ, ಅದು ನೀವು ಹೇಳಿದಷ್ಟೇ ಕೇಳ್ತೈತೆ, ಎಂದ, ಮೆಲ್ಲಗೆ, ಕೇಳಿಕೊಳ್ಳುವವನಂತೆ. ಇಲ್ಲ ಗಿಡ್ಡಪ್ಪ, ಕಳಿಸಲ್ಲ, ಬಾಣಂತನ ಮುಗಿಯೋತನಕ ಇಲ್ಲೇ ಇರ್ಲಿ ಅವಳು, ಎಂದಿದ್ದು ತಾನೇ, ಆ ದನಿ ತನ್ನದೇ ಎಂದು ಈಗ ವಾಪಸಿನ ಗಾಡಿಯಲ್ಲಿ ಕೂತು ನಂಬಲಾಗುತ್ತಿಲ್ಲ. ಸಂಜೆಯ ಬಿಸಿಲು ಬೆಳೆಯ ಮೇಲೆ ಮಲಗಿದೆ, ಎತ್ತಿನ ಗಾಡಿಗಳು ಎಲ್ಲಿಗೂ ಹೋಗಬೇಕಿಲ್ಲದಂತೆ ಹೋಗುತ್ತಿವೆ. ದೇವಸ್ಥಾನದ ಹಿಂದಿನ ಓಣಿ, ಎಡಕ್ಕೆ ಹೊರಳಿ, ಗಾಣದ ಮನೆ — ಗಾಣದ ಮನೆಯ ಪಕ್ಕದ್ದೇ ಅಲ್ಲವೇ ಬಕ್ಕೇಶಪ್ಪನ ಮನೆ, ಅದೇ ಜಗಲಿ, ಅದರ ಮುಂದೆಯೇ ಓಡಿದ್ದಳು, ಬರುವಾಗಲೂ ಅಲ್ಲೇ ನಡೆದುಬಂದಳು, ಜಗಲಿಯ ಮೇಲೆ ಯಾರಿದ್ದರು, ಯಾರಾದರೂ ಇದ್ದರೇ, ಎಷ್ಟು ಯೋಚಿಸಿದರೂ ಬಾಗಿಲಿನ ಬಣ್ಣ ಕೂಡ ನೆನಪಾಗುತ್ತಿಲ್ಲ, ಇಷ್ಟು ವರ್ಷ ಯಾವ ಓಣಿಗೆ ಹೆದರಿ ಹರಿಹರದ ಹೆಸರನ್ನೇ ಎತ್ತುತ್ತಿರಲಿಲ್ಲವೋ ಅದು ಯಾವಾಗ ದಾಟಿಹೋಯಿತೋ ತಿಳಿಯಲಿಲ್ಲ, ನಗಬೇಕೆನಿಸಿತು, ನಗಲಿಲ್ಲ. ಸ್ಟೇಷನ್ನಿನಲ್ಲಿ ಕಮಲಕ್ಕ ಕಾಯುತ್ತಿರುತ್ತಾರೆ, ಸಿಕ್ಕಳು ಎಂದು ದೂರದಿಂದಲೇ ಕೈ ಮಾಡಬೇಕು, ಆಮೇಲೆ ಎಲ್ಲ ಹೇಳಬೇಕು, ತಪ್ಪು ನನ್ನದೇ ಎಂದು, ನಾಳೆ ಮಕ್ಕಳು ಬೆಂಚು ಹತ್ತಿ ಕೂತಿರುತ್ತವೆ, ಗಿಳಿ ಆಡ್ಸ್ರಿ ಎನ್ನುತ್ತವೆ, ಆಡಿಸಬೇಕು, ಹಾರಿದವನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆಯಬೇಕು, ಎಲ್ಲ ಬಂದು ಕೂತ ಮೇಲೆಯೇ ಮುಂದಿನ ಲೆಕ್ಕ, ಕಳೆಯುವುದು ಬಂತು ಅವಕ್ಕೆ, ಐದರಲ್ಲಿ ಎರಡು ಹೋದರೆ — ಆದರೆ ಆ ಹಸುಗೂಸಿನ ಮುಷ್ಟಿ, ಅವಳು ಮಂಚದ ಬಳಿ ಬಗ್ಗಿದ್ದಳಲ್ಲ, ಬಿಡಿಸಿಕೊಡ್ತೀನಿ ತಡಿ ಎಂದು, ಕಿರುಬೆರಳನ್ನು ಬಿಡಿಸಿದಳು, ಅಕ್ಕಿ ನುಚ್ಚಿನಷ್ಟು ಉಗುರು, ಅದರ ಪಕ್ಕದ್ದನ್ನು ಬಿಡಿಸಿದಳು, ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಿರುಬೆರಳು ಮತ್ತೆ ಮಡಚಿಕೊಂಡಿತ್ತು, ಮರಿಯವ್ವ ನಕ್ಕಳು, ಮೈಲಮ್ಮ ಉಸಿರು ಹಿಡಿದು ನೋಡುತ್ತಿದ್ದಳು, ಮತ್ತೆ ಕಿರುಬೆರಳು, ಮತ್ತೆ ಅದರ ಪಕ್ಕದ್ದು, ಬೆಚ್ಚಗೆ, ಒದ್ದೆಯಾಗಿ, ನಿದ್ದೆಯಲ್ಲೇ ಒಂದೊಂದಾಗಿ ಮಡಚಿಕೊಳ್ಳುತ್ತ, ಗಾಡಿ ಬಾತಿ ದಾಟಿತು, ಕಿರುಬೆರಳು ಬಿಡಿಸಿದಳು, ಪಕ್ಕದ್ದನ್ನು ಬಿಡಿಸಿದಳು, ಕಿರುಬೆರಳು ಮತ್ತೆ ಮಡಚಿಕೊಂಡಿತು, ಮಡಚಿಕೊಂಡಿತು, ಕೆಂಪಗಿನ ಆ ಪುಟ್ಟ ಮುಷ್ಟಿ.